ಹಳೆ ಮಾಡುವ ಕೆಲಸ

"ತಪ್ಪು ಮಾಡಮ್ಮಾ! ಎಷ್ಟು ಸಲ ಬಡ್ಕೊಳ್ಳೋದು? ತಪ್ಪಾಗಿ ಬಳಿ ಅಂದ್ರೆ ಅದೂ ಬರಲ್ವಾ ನಿಂಗೆ?"

ಸಿನಿಮಾ ಸೆಟ್ಟು ಕಟ್ಟಿಸುವ ಆರ್ಟ್ ಸಾರ್ ಕೂಗಿದ್ದಕ್ಕೆ ಕ್ಯಾಮೆರಾದ ಹಿಂದಿದ್ದವರೆಲ್ಲ ನಕ್ಕರು. ಸುಣ್ಣದಕ್ಕ ಬ್ರಷ್ಷನ್ನು ಬಕೆಟ್ಟಿನ ಅಂಚಿಗೆ ಒರೆಸಿ ಮತ್ತೆ ಗೋಡೆಯ ಮುಂದೆ ನಿಂತಳು. ಸ್ಟುಡಿಯೋದವರು ಎಬ್ಬಿಸಿದ್ದ ಹಳೆಯ ಕಾಲದ ಬೀದಿಯ ಗೋಡೆ ಅದು. ಕಿಟಕಿಯ ಕೆಳಗೆ ಮಳೆನೀರು ಇಳಿದ ಗುರುತು ಮೂಡಿಸಬೇಕಿತ್ತು. ಆದರೆ ಸರಿಯಾಗಿ ಮೂಡಿಸಬಾರದಿತ್ತು. ಎರಡು ನಿಮಿಷದ ಪ್ರಚಾರದ ವಿಡಿಯೋ. ಅದರಲ್ಲಿ ಊರಿನ ಹೆಂಗಸೊಬ್ಬಳು ಗೋಡೆಯನ್ನು ಕೆಡಿಸುತ್ತಾಳೆ, ತಲೆಗೆ ಟೋಪಿ ಹಾಕಿದ ಹುಡುಗಿ ಬಂದು ಅವಳ ಕೈ ಹಿಡಿದು ತಿದ್ದುತ್ತಾಳೆ, ಹೆಂಗಸು ನಗುತ್ತಾಳೆ. ಸಿನಿಮಾ ಈಗ ದೊಡ್ಡ ಪಟ್ಟಣದವರ ಸ್ವತ್ತಲ್ಲ, ಕೆಲಸ ನಿಮ್ಮೂರಿನ ಬಾಗಿಲಿಗೇ ಬಂದಿದೆ ಅಂತ ಹಿನ್ನೆಲೆಯಲ್ಲಿ ಒಂದು ಗಂಡು ದನಿ ಹೇಳುತ್ತದೆ.

ಸುಣ್ಣದಕ್ಕ ಬಳಿದಳು. ನೀರು ಕಿಟಕಿಯ ಚೌಕಟ್ಟಿನ ಮೂಲೆಯಿಂದಲೇ ಹೊರಟಿತು, ಎರಡು ಬೆರಳಗಲ ಇಳಿದು, ಗಾರೆ ಉಬ್ಬಿದ ಕಡೆ ಕವಲೊಡೆದು, ಕೆಳಗೆ ಬರುಬರುತ್ತ ತೆಳ್ಳಗಾಯಿತು. ನೀರು ಹಾಗೆಯೇ ಇಳಿಯುವುದು. ಬೇರೆ ರೀತಿ ಎಳೆಯಲು ಅವಳ ಕೈ ಒಪ್ಪಲಿಲ್ಲ.

"ಕಟ್! ಅಯ್ಯೋ, ಮತ್ತೆ ಸರಿಯಾಗೇ ಮಾಡಿದ್ಲಲ್ರೀ ಈಯಮ್ಮ!"

"ಆಂಟಿ, ಕಣ್ಮುಚ್ಕೊಂಡು ಗೀಚಿಬಿಡಿ," ಎಂದು ಆರ್ಟ್ ಸಾರ್ ಸಹಾಯಕಿಯಾದ ಟೋಪಿ ಹುಡುಗಿ ಕಿವಿಯಲ್ಲಿ ಹೇಳಿದಳು.

ಅವಳು ಕಣ್ಣು ಮುಚ್ಚಿ ಗೀಚಿದಳು. ಬಿಟ್ಟು ನೋಡಿದರೆ ನೀರು ಮೂಲೆಯಿಂದಲೇ ಇಳಿದಿತ್ತು.

ಕೊನೆಗೆ ಆರ್ಟ್ ಸಾರ್ ತಾನೇ ಬಂದು ಬ್ರಷ್ ಕಿತ್ತುಕೊಂಡು, ಗೋಡೆಯ ನಡುವೆ ರಪರಪ ಎಂದು ಕಪ್ಪು ಬಳಿದು, ಬ್ರಷ್ಷನ್ನು ಮತ್ತೆ ಅವಳ ಕೈಗೆ ತುರುಕಿದ. "ಇದನ್ನ ನೀನೇ ಮಾಡಿದ್ದು ಅನ್ಕೊ. ಈಗ ನಾಚ್ಕೊ. ತಲೆ ತಗ್ಸು. ಇನ್ನೂ... ಹಾಂ, ಸೂಪರ್! ಹಂಗೇ ಇರು!"

ತಲೆ ತಗ್ಗಿಸಿ ನಿಂತವಳ ಮಣಿಕಟ್ಟನ್ನು ಹುಡುಗಿ ಹಿಡಿದು, ಕ್ಯಾಮೆರಾದ ಕಡೆ ನೋಡುತ್ತ ಪಾಠ ಒಪ್ಪಿಸಿದಳು. "ನೀರು ಮೊದಲು ಮೂಲೆ ಹುಡುಕುತ್ತೆ. ಆಮೇಲೆ ದಾರಿ ಹುಡುಕುತ್ತೆ. ಕೊಳೆ ಯಾವತ್ತೂ ನೀರಿನ ಹಿಂದೇನೇ ಬರೋದು." ಅದು ಸುಣ್ಣದಕ್ಕನದೇ ಮಾತು. ಎರಡು ತಿಂಗಳ ಹಿಂದೆ ಇದೇ ಬೀದಿಯಲ್ಲಿ ಅವಳು ಹೇಳಿದ್ದು, ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು.

ಲೈಟಿನ ಕಂಬದ ಪಕ್ಕ ನಿಂತಿದ್ದ ಸುಣ್ಣದಕ್ಕನ ತಮ್ಮ ಹೆಬ್ಬೆರಳು ಎತ್ತಿ ತೋರಿಸಿದ. ಕುತ್ತಿಗೆಯಲ್ಲಿ ಕೋಆರ್ಡಿನೇಟರ್ ಎಂಬ ಬಿಲ್ಲೆ. ಬೆಳಿಗ್ಗೆ ಅವನೇ ಹೇಳಿದ್ದ: "ಇದೊಂದು ಮಾಡ್ಕೊಡಕ್ಕ. ನಿನ್ನ ಕೆಲಸದ ಆರ್ಡರ್ ಆಫೀಸಿಗೆ ಬಂದುಬಿಟ್ಟಿದೆ."

ಆ ಆರ್ಡರಿಗಾಗಿ ಅವಳು ನಾಚಿಕೊಂಡದ್ದು.

ಸ್ಟುಡಿಯೋ ನಿಂತ ಜಾಗದಲ್ಲಿ ಮೂರು ವರ್ಷದ ಹಿಂದೆ ಎಂಟು ಸುಣ್ಣದ ಗೂಡುಗಳು ಉರಿಯುತ್ತಿದ್ದವು. ಗೂಡಿನ ಕೇರಿಯ ಹದಿನೆಂಟು ಮನೆಯವರು ಕಲ್ಲು ಸುಟ್ಟು, ಸುಣ್ಣ ಮಾಡಿ, ಊರಿನವರ ಗೋಡೆಗಳಿಗೆ ಬಳಿದು ಬದುಕುತ್ತಿದ್ದರು. ಸುಣ್ಣದಕ್ಕನ ಗಂಡ ಗೂಡಿನ ಹೊಗೆ ಕುಡಿದೇ ಹೋದವನು. ಗೂಡು ಬಿಟ್ಟುಕೊಟ್ಟ ಮನೆಗೊಂದು ಖಾಯಂ ಕೆಲಸ ಎಂದು ಸ್ಟುಡಿಯೋದವರು ಮೈಕಿನಲ್ಲಿ ಹೇಳಿದರು, ಕಾಗದದಲ್ಲೂ ಬರೆದುಕೊಟ್ಟರು. ಆ ಕಾಗದವನ್ನು ಕೇರಿಗೆಲ್ಲ ಓದಿ ಹೇಳಿದವನು ತಮ್ಮನೇ. ಕೇರಿಯಲ್ಲಿ ಹತ್ತನೇ ಕ್ಲಾಸು ದಾಟಿದವನು ಅವನೊಬ್ಬನೇ.

ಕಾಂಪೌಂಡು ಎದ್ದಿತು, ಬೀದಿ ಎದ್ದಿತು, ಕೆಲಸ ಮಾತ್ರ ಏಳಲಿಲ್ಲ. ಹೊಸ ಗೋಡೆಯನ್ನು ನೂರು ವರ್ಷದ್ದೆಂಬಂತೆ ಕಾಣಿಸುವವರು ಬೇಕೆಂದು ಆರ್ಟ್ ಸಾರ್ ಕೇರಿಗೆ ಬಂದದ್ದು ಈ ವರ್ಷ. ಆಗ ಸುಣ್ಣದಕ್ಕ ಒಂದು ಹಳೆಯ ಮನೆಯ ಗೋಡೆ ಕೆರೆಯುತ್ತಿದ್ದಳು. "ಈ ಕಲೆ ಇಲ್ಲೇ ಯಾಕಿದೆ?" ಎಂದು ಅವನು ಕೇಳಿದ. ಅವಳು ಹೇಳಿದಳು. ಮತ್ತೊಂದು ಕೇಳಿದ. ಅದನ್ನೂ ಹೇಳಿದಳು. ಒಂದು ಗಂಟೆ ಆಯಿತು. ಮರುದಿನ ಸೆಟ್ಟಿನಲ್ಲಿ ಅವಳಿಗೊಂದು ಕುರ್ಚಿ ಹಾಕಿಸಿ "ಮೇಡಂ, ಕೂತ್ಕೊಳ್ಳಿ" ಅಂದ. ಕೆಲಸದ ಜಾಗದಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಹೇಗೆ ಕೂರಬೇಕೆಂದು ತಿಳಿಯದೆ ಅಂಚಿನಲ್ಲಿ ಕೂತು, ಸ್ವಲ್ಪ ಹೊತ್ತಿಗೆ ಎದ್ದುಬಿಟ್ಟಿದ್ದಳು.

ಕೊಳೆ ಅಳಿಸುವವರಿಗೆ ಗೊತ್ತಿರುವಷ್ಟು ಕೊಳೆಯ ವಿಷಯ ಕೊಳೆ ಮಾಡಿದವರಿಗೆ ಗೊತ್ತಿರುವುದಿಲ್ಲ. ಇಪ್ಪತ್ತೈದು ವರ್ಷ ಅವಳು ಅಳಿಸಿದ್ದನ್ನೆಲ್ಲ ಈಗ ಬರೆದು ತೋರಿಸಬೇಕಿತ್ತು, ಅಷ್ಟೇ. ಮಂಚದ ತಲೆದಿಕ್ಕಿನಲ್ಲಿ ಎಣ್ಣೆಯ ಗುರುತು ಎಷ್ಟು ಎತ್ತರಕ್ಕೆ ಬರುತ್ತದೆ. ಎರಡೂ ಕೈಯಲ್ಲಿ ಕೊಡ ಹಿಡಿದವರು ಬಾಗಿಲನ್ನು ಯಾವ ಭುಜದಿಂದ ನೂಕುತ್ತಾರೆ, ಚೌಕಟ್ಟಿನ ಯಾವ ಕಡೆ ಕಪ್ಪಾಗುತ್ತದೆ. ನೆಲದಿಂದ ಮೊಳದೆತ್ತರಕ್ಕೆ ಉಪ್ಪು ಹೇಗೆ ಬೆಳ್ಳಗೆ ಹೂಬಿಟ್ಟು ಗಾರೆಯನ್ನು ತಿನ್ನುತ್ತದೆ. ಯಜಮಾನರ ಕೋಣೆಯ ಗೋಡೆ ಕುರ್ಚಿಯ ಬೆನ್ನಿನಷ್ಟು ಎತ್ತರದಲ್ಲಿ ಸವೆಯುತ್ತದೆ, ಆಳುಗಳು ಕಾಯುವ ಗೋಡೆ ಕುಕ್ಕರುಗಾಲಿನಲ್ಲಿ ಕೂತವರ ತಲೆಯೆತ್ತರಕ್ಕೆ ಸವೆಯುತ್ತದೆ. ಇದನ್ನು ಕೇಳಿದ ದಿನ ಆರ್ಟ್ ಸಾರ್ ತಲೆ ಅಲ್ಲಾಡಿಸಿ, "ಇದು ಯಾವ ಕಾಲೇಜಲ್ಲೂ ಹೇಳ್ಕೊಡಲ್ಲ ಮೇಡಂ. ಇಲ್ಲಿ ಟ್ರೈನಿಂಗ್ ಸೆಂಟರ್ ಶುರುವಾದ ದಿನ ಈ ವಿಭಾಗಕ್ಕೆ ನೀವೇ ಮೇಲ್ವಿಚಾರಕಿ," ಎಂದಿದ್ದ. ಹುಡುಗಿ ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ವಿಡಿಯೋ ಮುಗಿದದ್ದೇ ಸುಣ್ಣದಕ್ಕ ಕೈ ತೊಳೆದು ಆಫೀಸಿಗೆ ಹೋದಳು. ಗುಮಾಸ್ತ ಪಟ್ಟಿಯ ಮೇಲೆ ಬೆರಳು ಇಳಿಸಿದ.

"ಯಾವ ಮನೆ?"

"ಗೂಡಿನ ಕೇರಿ. ಹನ್ನೊಂದನೇ ಮನೆ ಸಾರ್."

"ಹನ್ನೊಂದು... ಆಗಿದೆಯಲ್ಲಮ್ಮ. ಏಜಿಂಗ್ ವಿಭಾಗ, ಅದೇ ಹಳೆ ಮಾಡೋದು, ಮೇಲ್ವಿಚಾರಕಿ. ಖಾಯಂ."

ಅವಳು ಮೇಜಿನ ಹತ್ತಿರ ಸರಿದಳು. "ಸಹಿ ಎಲ್ಲಿ ಹಾಕ್ಬೇಕು ಸಾರ್? ನಂಗೆ ಸಹಿ ಬರುತ್ತೆ."

"ನೀನ್ಯಾಕೆ ಹಾಕ್ತೀಯ? ನಿಮ್ಮನೇಲಿರೋ ಹುಡುಗಿ ಆಗ್ಲೇ ಹಾಕಿದಾಳಲ್ಲ."

"ನಮ್ಮನೇಲಿ ಯಾವ ಹುಡುಗೀನೂ ಇಲ್ಲ. ನಾನು, ನಮ್ಮತ್ತೆ, ಇಬ್ರೇ."

ಗುಮಾಸ್ತ ಬೇಸರದಿಂದ ಫೈಲು ತಿರುಗಿಸಿ ತೋರಿಸಿದ. ಫೋಟೋದಲ್ಲಿ ಟೋಪಿ ಇರಲಿಲ್ಲ, ಮುಖ ಮಾತ್ರ ಅದೇ. "ಬಾಡಿಗೆದಾರಳು. ಮೂರು ವರ್ಷದಿಂದ ನಿಮ್ಮನೇಲಿ ವಾಸ. ಮೂರು ವರ್ಷ ಇದ್ರೆ ಸ್ಥಳೀಯರೇ, ನಿಯಮ ಹಂಗಿದೆ. ಇದು ನಿಮ್ಮತ್ತೆ ಹೆಬ್ಬೆಟ್ಟು. ಇದು ಸಾಕ್ಷಿ."

ಸಾಕ್ಷಿಯ ಸಹಿ ಬಾಲ ಸುತ್ತಿಕೊಂಡ ಇಂಗ್ಲಿಷಿನದು. ಆ ಬಾಲವನ್ನು ಅವಳ ತಮ್ಮ ಎಂಟನೇ ಕ್ಲಾಸಿನಲ್ಲಿದ್ದಾಗ ಅವಳ ಮನೆಯ ಅಂಗಳದಲ್ಲೇ ಕೂತು ತಿದ್ದಿ ತಿದ್ದಿ ಕಲಿತಿದ್ದ.

"ಮನೆಗೊಂದು ಕೆಲಸ ಅಂತ ಇತ್ತು, ಕೊಟ್ಟಾಯ್ತು," ಎಂದ ಗುಮಾಸ್ತ. "ಕಸ ಗುಡಿಸೋಕೆ ಬೇಕಾದ್ರೆ ಕಾಂಟ್ರಾಕ್ಟರ್ ಹತ್ರ ಕೇಳು. ಬಾಗಿಲಲ್ಲಿ ನಿಲ್ಬೇಡ, ಗಾಳಿ ಬರ್ಲಿ."

ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಸುಣ್ಣದ ಧೂಳಿಗೆ ಅವಳ ಕಣ್ಣು ಅರ್ಧ ಮಂಜಾಗಿತ್ತು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಸೊಸೆ ಹೇಳಿದ್ದನ್ನು ಕೊನೆಯವರೆಗೂ ಕೇಳಿದಳು.

"ಹೋದ ತಿಂಗಳು ಬಂದಿದ್ದ ಕಣೇ ನಿನ್ನ ತಮ್ಮ. 'ಅಕ್ಕನ ಕೆಲಸದ ಕಾಗದ ಅಮ್ಮ, ಹೆಬ್ಬೆಟ್ಟು ಒತ್ತು' ಅಂದ. ಸುಣ್ಣ ತಿಂದ ಬೆರಳು, ಗೆರೆ ಎಲ್ಲಿ ಮೂಡುತ್ತೆ? ಮೂರು ಸಲ ಒತ್ತಿಸ್ಕೊಂಡ. ನಿಂಗೆ ಒಳ್ಳೇದಾಗ್ಲಿ ಅಂತ ಉಸಿರು ಬಿಗಿಹಿಡಿದು ಒತ್ತಿದೆ." ಸ್ವಲ್ಪ ಹೊತ್ತು ಬಾಯಿ ಚಪ್ಪರಿಸಿದಳು. "ಮೂರು ವರ್ಷದಿಂದ ಇದಾಳಂತಾ ನಮ್ಮನೇಲಿ? ಒಂದಿನಾನಾದ್ರೂ ಒಂದು ಕೊಡ ನೀರು ತಂದು ಹಾಕ್ಲಿಲ್ಲವಲ್ಲೇ ಮುಂಡೇದು!"

ಸುಣ್ಣದಕ್ಕನಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಸಂಜೆ ತಮ್ಮ ತಾನಾಗಿಯೇ ಬಂದ. ಗುಮಾಸ್ತ ಫೋನು ಮಾಡಿದ್ದನೆಂದು ತೋರುತ್ತದೆ. ಬಿಲ್ಲೆಯನ್ನು ಅಂಗಿಯ ಒಳಗೆ ಸರಿಸಿಕೊಂಡು ಬಾಗಿಲಲ್ಲೇ ನಿಂತ.

"ಕೂಗಾಡ್ಬೇಡಕ್ಕ. ಅವರು ಡಿಪ್ಲೊಮಾ ಕೇಳ್ತಾರೆ. ನಿನ್ನ ಹತ್ರ ಏನಿದೆ? ಸುಮ್ನೆ ಸುಣ್ಣ, ಮಸಿ, ಕೆಮ್ಮಣ್ಣು ಅಂದ್ರೆ ಆಗುತ್ತಾ?"

"ನಾನು ಕೂಗಿದ್ನೇನೋ?"

"ಇಲ್ಲ, ಆದ್ರೂ... ನಾನು ಒಳಗೆ ಸೇರ್ಕೊಂಡಿದೀನಿ. ನಾನೊಬ್ಬ ಒಳಗಿದ್ರೆ ಮುಂದೆ ನಮ್ಮೋರನ್ನೆಲ್ಲ ಒಬ್ಬೊಬ್ರನ್ನೇ ಎಳ್ಕೋಬಹುದು."

"ಹದಿನೆಂಟು ಮನೇಲಿ ಎಷ್ಟು ಮನೆಗೆ ಬಾಡಿಗೆಯವರು ಬಂದಿದಾರೆ?"

ಅವನು ಚಪ್ಪಲಿಯ ತುದಿಯಿಂದ ಹೊಸ್ತಿಲು ಕೆರೆದ. "ಹದಿನಾರು."

"ಇನ್ನೆರಡು?"

"ಒಂದು ನಮ್ಮನೆ, ಅದರ ಕೆಲಸ ನಂದೇ. ಇನ್ನೊಂದು ಬಿದ್ದೋಗಿದೆಯಲ್ಲ, ಬಿದ್ದ ಮನೇಲಿ ಬಾಡಿಗೆಗಿದಾರೆ ಅಂತ ತೋರ್ಸೋಕಾಗಲ್ಲ ಅಂದ್ರು."

"ಥೂ, ಬೇವರ್ಸಿ!" ಜಗಲಿಯಿಂದ ಅತ್ತೆಯ ದನಿ ಬಂತು. "ಎತ್ತಿ ಆಡಿಸಿದ ಅಕ್ಕನ ಮನೆ ಬಾಗಿಲಿಗೇ ಬೆಂಕಿ ಇಟ್ಯಲ್ಲೋ ಬೋಳಿಮಗನೇ! ಇದರ ಬದಲು ಆ ಹೆಬ್ಬೆರಳನ್ನೇ ಕುಯ್ಕೊಂಡು ಹೋಗಿದ್ರೆ ಆಗ್ತಿರ್ಲಿಲ್ವಾ?"

ತಮ್ಮ ಅದನ್ನು ಕೇಳಿಸಿಕೊಳ್ಳದವನಂತೆ ಅಕ್ಕನಿಗೇ ಹೇಳಿದ: "ನಾಳಿದ್ದು ಇಲಾಖೆಯ ದೊಡ್ಡ ಸಾಹೇಬರು ಬರ್ತಾರೆ, ಸೆಂಟರ್ ಉದ್ಘಾಟನೆ. ಮುಂಗೋಡೆಗೆ ಸುಣ್ಣ ಆಗ್ಬೇಕು. ಪೇಂಟ್ ಬೇಡವಂತೆ, ನಮ್ಮ ಸುಣ್ಣನೇ ಬೇಕಂತೆ, ಸ್ಥಳೀಯ ಕಲೆ ಅಂತ ಭಾಷಣದಲ್ಲಿ ಹೇಳ್ತಾರಂತೆ. ನೀನು ಒಪ್ಕೊ. ಆರ್ಟ್ ಸಾರ್ ಮೊದಲು ಬೇಡ ಅಂದ್ರು. ನಾನೇ ಜಗಳ ಆಡಿ ನಿನ್ನ ಹೆಸರು ಹೇಳಿದೆ. ಸುಣ್ಣ ಬಳಿಯೋರು ಸುಣ್ಣ ಬಳೀಲಿ ಅಂತ ಆಮೇಲೆ ಅವರೂ ಒಪ್ಕೊಂಡ್ರು."

ತಾನು ಮಾಡಿದ ಉಪಕಾರದ ಮೇಲೆ ಅವನಿಗೆ ನಿಜಕ್ಕೂ ನಂಬಿಕೆಯಿತ್ತು. ಅದನ್ನು ನೋಡಿ ಅವಳಿಗೆ ಬೈಗುಳ ಮರೆತುಹೋಯಿತು.

"ಆಯ್ತು," ಅಂದಳು.

ಮರುದಿನ ಬೆಳಿಗ್ಗೆ ಕೇರಿಯ ನಾಲ್ಕು ಹೆಂಗಸರನ್ನು ಕರೆದುಕೊಂಡು ಹೋದಳು. ಸೆಂಟರಿನ ಮುಂಗೋಡೆ ಎರಡಾಳೆತ್ತರವಿತ್ತು. ಮೇಲೆ ಕಬ್ಬಿಣದ ಅಕ್ಷರಗಳಲ್ಲಿ ಸ್ಥಳೀಯ ಪ್ರತಿಭಾ ಕೇಂದ್ರ ಎಂದು ಬೋಲ್ಟು ಹಾಕಿ ಕೂರಿಸಿದ್ದರು. ಲಾರಿಗಳ ಧೂಳು ಹಸಿ ಸುಣ್ಣಕ್ಕೆ ಕೂರಬಾರದೆಂದು, ಸಾಹೇಬರು ಹಗ್ಗ ಎಳೆದು ಬೀಳಿಸಲೂ ಆಯಿತೆಂದು, ಮಾಳಿಗೆಯಿಂದ ನೆಲದವರೆಗೆ ದೊಡ್ಡದೊಂದು ನೀಲಿ ಬಟ್ಟೆ ಇಳಿಬಿಟ್ಟಿದ್ದರು. ಬಟ್ಟೆಗೂ ಗೋಡೆಗೂ ನಡುವೆ ಇಬ್ಬರು ನಿಲ್ಲುವಷ್ಟು ಜಾಗ. ಸುಣ್ಣದಕ್ಕ ಆ ಸಂದಿನಲ್ಲಿ ನಿಂತು ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದಳು.

"ಏನಕ್ಕ, ಸುಣ್ಣ ಎರಡು ಕೋಟು ಬಳಿಯೋದಾ, ಮೂರಾ?" ಎಂದು ಒಬ್ಬಳು ಕೇಳಿದಳು.

"ಮೊದಲು ಮಸಿ ಕಲಸು."

"ಮಸಿನಾ? ಹೊಸ ಗೋಡೆಗಾ?"

"ಕಲಸು ಅಂದ್ನಲ್ಲ. ಎಣ್ಣೆ ಹಾಕ್ಬೇಡ, ಸುಣ್ಣದ ತಿಳಿನೀರಲ್ಲೇ ಕಲಸು."

ಮೊದಲ ಸುಣ್ಣ ಇನ್ನೂ ಹಸಿಯಿರುವಾಗಲೇ ಅವಳು ಗೋಡೆಯ ಬುಡದಲ್ಲಿ, ಮಂಡಿಗಿಂತ ಸ್ವಲ್ಪ ಮೇಲೆ, ಅಂಗೈಯಿಂದಲೇ ಬಳಿಯತೊಡಗಿದಳು. ಬ್ರಷ್ ಮುಟ್ಟಲಿಲ್ಲ. ಹಸಿ ಸುಣ್ಣದ ಮೇಲೆ ಬಿದ್ದ ಬಣ್ಣವನ್ನು ಸುಣ್ಣ ಒಣಗುತ್ತ ತನ್ನೊಳಗೆ ಎಳೆದುಕೊಳ್ಳುತ್ತದೆ. ಗಾಳಿ ಕುಡಿದು ಕಲ್ಲಾಗುವಾಗ ಬಣ್ಣವೂ ಅದರ ಜೊತೆಗೇ ಕಲ್ಲಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಉದ್ದಕ್ಕೂ ಒಂದು ಸಾಲು ಮೂಡಿತ್ತು. ಹೆಂಗಸರು ಅದನ್ನು ಬಗ್ಗಿ ನೋಡಿ ಬಕೆಟ್ಟುಗಳನ್ನು ಹತ್ತಿರ ಎಳೆದುಕೊಂಡರು. ಅದರ ಮೇಲೆ ತೆಳ್ಳಗೆ ಎರಡು ಕೋಟು ಬಿಳಿ ಎಳೆದರು.

ಹಸಿ ಸುಣ್ಣ ನೀರಿನ ಹಾಗೆ, ಒಳಗಿನದೆಲ್ಲ ಕಾಣುತ್ತಿರುತ್ತದೆ. ಒಣಗಿದ ಮೇಲೆಯೇ ಬೆಳ್ಳಗಾಗಿ ಎಲ್ಲವನ್ನೂ ಮುಚ್ಚುವುದು. ಸಂಜೆ ತಮ್ಮ ಬಂದು ನೀಲಿ ಬಟ್ಟೆಯ ಅಂಚು ಎತ್ತಿ ಇಣುಕಿದಾಗ ಗೋಡೆ ಹಾಲಿನಂತಿತ್ತು.

"ಸೂಪರ್ ಅಕ್ಕ! ನೋಡು, ಹೇಳಿದ್ನಲ್ಲ ನಾನು!"

"ಬೆಳಿಗ್ಗೆ ಇನ್ನೊಂದು ಕೋಟಿದೆ," ಅಂದಳು ಸುಣ್ಣದಕ್ಕ.

ಬೆಳಿಗ್ಗೆ ಎಲ್ಲರೂ ಗೇಟಿನ ಬಳಿ ಹೂವಿನ ಕಮಾನು ಕಟ್ಟುವುದರಲ್ಲಿ, ಕುರ್ಚಿ ಜೋಡಿಸುವುದರಲ್ಲಿ ಮುಳುಗಿದ್ದರು. ಕಾವಲುಗಾರ ಎರಡು ಸಲ ಬಂದು "ಆಯ್ತೇನಕ್ಕ?" ಎಂದ. "ಆಗ್ತಾ ಇದೆಯಪ್ಪ," ಎಂದಳು. ನೀಲಿ ಬಟ್ಟೆಯ ಹಿಂದೆ ಬೊಂಬು ಕಟ್ಟಿದ ಸಾರುವೆಯ ಮೇಲೆ ನಿಂತು ಅವಳು ಗೋಡೆಯನ್ನು ಐವತ್ತು ವರ್ಷ ಮುಂದಕ್ಕೆ ಓಡಿಸುತ್ತಿದ್ದಳು. ಹೊಸ ಹಸಿ ಕೋಟಿನ ಮೇಲೆ, ಕಬ್ಬಿಣದ ಒಂದೊಂದು ಅಕ್ಷರದ ಕೆಳಗೂ ತುಕ್ಕಿನ ನೀರು ಇಳಿಸಿದಳು. ಬೋಲ್ಟಿನ ಸುತ್ತ ಗಾಢ, ಇಳಿದಂತೆ ಮಸುಕು. ಮಾಳಿಗೆಯ ಅಂಚಿನಿಂದ ಪಾಚಿಯ ಕಪ್ಪುಹಸಿರು. ಮೂಲೆಯಿಂದ ಹೊರಟು ಬಾಗಿಲ ಮೇಲೆ ಕವಲೊಡೆದ ಬಿರುಕು. ಬುಡದಲ್ಲಿ ಉಪ್ಪು ಹೂಬಿಟ್ಟು ಗಾರೆ ಉದುರಿದ ಗಾಯಗಳು. ಅವಳ ಕೈ ಎಲ್ಲಿಯೂ ತಡವರಿಸಲಿಲ್ಲ. ಇಷ್ಟು ದಿನ ಯಾರದೋ ಕಥೆಗೆ ಹಳೆ ಮಾಡಿದ್ದಳು, ಇದು ಕೇರಿಯದೇ ಕಥೆ.

ಒಂಬತ್ತರ ಹೊತ್ತಿಗೆ ಸಾರುವೆ ಬಿಚ್ಚಿಸಿ, ಬಕೆಟ್ಟುಗಳನ್ನು ತೊಳೆದು, ಒಂದರಲ್ಲಿ ನೀರು ತುಂಬಿಸಿಟ್ಟುಕೊಂಡಳು. ಮೂರು ಗಂಟೆಯ ಬಿಸಿಲು, ಗಾಳಿ ಸುಣ್ಣಕ್ಕೆ ಮೇಲೊಂದು ಗಟ್ಟಿ ಪೊರೆ ಕಟ್ಟಿಕೊಳ್ಳಲು ಸಾಕಿತ್ತು.

ಸಾಹೇಬರು ಬಂದಾಗ ಹನ್ನೆರಡು. ಕೇರಿಯವರನ್ನು ಹಗ್ಗದಾಚೆ ನಿಲ್ಲಿಸಿದ್ದರು. ಕ್ಯಾಮೆರಾಕ್ಕೆ ಸ್ಥಳೀಯರು ಕಾಣಬೇಕೆಂದು ತಮ್ಮನೇ ಎಲ್ಲರನ್ನೂ ಕರೆತಂದಿದ್ದ. ಅತ್ತೆಯೂ ಕೋಲು ಹಿಡಿದು ಬಂದಿದ್ದಳು. ಸಾಹೇಬರು ನಗುತ್ತ ಹಗ್ಗ ಎಳೆದರು. ನೀಲಿ ಬಟ್ಟೆ ಜಾರಿ ನೆಲಕ್ಕೆ ಬಿತ್ತು.

ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೆಯೇ ನಿಂತವು.

"ಇದೇನ್ರಿ?" ಅಂದರು ಸಾಹೇಬರು. "ಹೊಸ ಕಟ್ಟಡ ಅಂದ್ರಿ. ಇದು ಬೀಳೋ ಹಂಗಿದೆಯಲ್ರಿ?"

ತಮ್ಮ ಬಿದ್ದ ಬಟ್ಟೆಯನ್ನು ಮತ್ತೆ ಎತ್ತಲು ಬಗ್ಗಿದ. ಆರ್ಟ್ ಸಾರ್ ಗೋಡೆಯ ಹತ್ತಿರ ಹೋಗಿ ತುಕ್ಕಿನ ಗೆರೆಯನ್ನು ಉಗುರಿನಿಂದ ಕೆರೆದ. ಏನೂ ಬರಲಿಲ್ಲ. ಅವನು ಬಿರುಕಿನ ಮೇಲೆ ಬೆರಳಾಡಿಸಿದ. ಅಲ್ಲಿ ಬಿರುಕು ಇರಲಿಲ್ಲ, ಗೋಡೆ ನುಣ್ಣಗಿತ್ತು. ಕ್ಷಣಹೊತ್ತು ಅವನ ಕಣ್ಣು ಜನರ ನಡುವೆ ಸುಣ್ಣದಕ್ಕನನ್ನು ಹುಡುಕಿತು. ಆಮೇಲೆ ತಿರುಗಿ ನಕ್ಕ.

"ಸಾರ್, ಇದೇ ನಮ್ಮ ತರಬೇತಿ! ಬೇಕಂತಲೇ ಹೇಳಿರ್ಲಿಲ್ಲ ನಿಮಗೆ. ಮುಟ್ಟಿ ನೋಡಿ, ಬಿರುಕಿಲ್ಲ, ತುಕ್ಕಿಲ್ಲ. ಎಲ್ಲಾ ಕೈಚಳಕ. ಇಂಥ ಕೆಲಸ ಇನ್ನು ಈ ಊರಲ್ಲೇ ಆಗುತ್ತೆ."

ಸಾಹೇಬರು ಮುಟ್ಟಿ ನೋಡಿ ಗಹಗಹಿಸಿ ನಕ್ಕರು. ಅವರು ನಕ್ಕ ಮೇಲೆ ಎಲ್ಲರೂ ನಕ್ಕರು, ಚಪ್ಪಾಳೆ ಬಿತ್ತು. "ಯಾರ್ರಿ ಮಾಡಿದ್ದು?"

ಆರ್ಟ್ ಸಾರ್ ಟೋಪಿ ಹುಡುಗಿಯ ಬೆನ್ನಿಗೆ ಕೈ ಹಾಕಿ ಮುಂದೆ ತಂದ. "ಈ ವಿಭಾಗದ ಮೇಲ್ವಿಚಾರಕಿ ಸಾರ್. ಸ್ಥಳೀಯ ಪ್ರತಿಭೆ. ಗೂಡಿನ ಕೇರಿ, ಹನ್ನೊಂದನೇ ಮನೆ."

ತಮ್ಮನೂ ಚಪ್ಪಾಳೆ ತಟ್ಟುತ್ತಿದ್ದ. ಬದುಕಿಕೊಂಡವನಂತೆ, ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ.

ಸುಣ್ಣದಕ್ಕ ನೀರಿನ ಬಕೆಟ್ಟು, ಅದರಲ್ಲೊಂದು ಬಟ್ಟೆ ಹಿಡಿದು ಹಗ್ಗದ ಕೆಳಗೆ ನುಸುಳಿ ಬಂದಳು. ಕಾವಲುಗಾರ ಅವಳು ಒರೆಸಲು ಬಂದವಳೆಂದುಕೊಂಡು ದಾರಿ ಬಿಟ್ಟ.

"ಸಾಹೇಬ್ರೇ, ನಾನೂ ಹನ್ನೊಂದನೇ ಮನೆಯೋಳೇ. ಈ ಮಗು ಮೂರು ವರ್ಷದಿಂದ ನಮ್ಮನೇಲಿದೆಯಂತೆ, ನಾನು ನೋಡೇ ಇಲ್ಲ. ಇರ್ಲಿ. ಗೋಡೆ ಇವಳೇ ಮಾಡಿದ್ರೆ, ನೀರಲ್ಲಿ ಒರೆಸಿದ್ರೆ ಏನಾಗುತ್ತೆ ಅಂತ ಹೇಳ್ಲಿ. ಅಷ್ಟು ಸಾಕು."

ಹುಡುಗಿ ಆರ್ಟ್ ಸಾರ್ ಮುಖ ನೋಡಿದಳು. "ಆಂಟಿ, ನಾನು..." ಎಂದು ನಿಲ್ಲಿಸಿದಳು.

"ಏನಾಗುತ್ತೆ? ಅಳಿಸಿ ಹೋಗುತ್ತೆ. ಎಂಥಾ ತಲೆಹರಟೆ ಹೆಂಗಸಪ್ಪ ಇದು!" ಆರ್ಟ್ ಸಾರ್ ಅವಳ ಕೈಯಿಂದ ಬಟ್ಟೆ ಕಸಿದುಕೊಂಡ. ಕ್ಯಾಮೆರಾಗಳು ಅವನ ಕಡೆ ತಿರುಗಿದ್ದವು, ಅವನಿಗೆ ಅದು ಗೊತ್ತಿತ್ತು. ಬಟ್ಟೆ ಅದ್ದಿ ಗೋಡೆಯ ಬುಡದಲ್ಲಿ ಜೋರಾಗಿ ಒರೆಸಿದ.

ಬಿಳಿ ಅಳಿಸಲಿಲ್ಲ, ನೀರು ಕುಡಿದು ಹಸಿ ಸುಣ್ಣದ ಹಾಗೆ ತಿಳಿಯಾಯಿತು. ಅದರೊಳಗಿನಿಂದ ಒಂದು ತಲೆಯ ಎಣ್ಣೆಗಪ್ಪು ಗುರುತು ಮೇಲೆದ್ದು ಬಂತು. ಅದರ ಕೆಳಗೆ ಒಂದು ಬೆನ್ನಿನದು. ಕುಕ್ಕರುಗಾಲಿನಲ್ಲಿ ಕೂತು, ವರ್ಷಗಟ್ಟಲೆ ಅದೇ ಜಾಗದಲ್ಲಿ ಗೋಡೆಗೆ ಒರಗಿ ಕಾದವರ ಗುರುತು. ಅವನು ಗಾಬರಿಯಿಂದ ಪಕ್ಕದಲ್ಲಿ ಒರೆಸಿದ. ಅಲ್ಲೊಬ್ಬರು. ಬಟ್ಟೆ ಮತ್ತೆ ಅದ್ದಿದ. ಇನ್ನೊಬ್ಬರು, ಅವರ ಪಕ್ಕ ಇನ್ನೊಬ್ಬರು, ಕೆಲವು ತಲೆ ಎತ್ತರ, ಕೆಲವು ತಗ್ಗು. ಒರೆಸಿದಷ್ಟೂ ಸಾಲು ಬೆಳೆಯಿತು.

"ನಿಲ್ಸ್ರಿ! ಒರೆಸ್ಬೇಡ್ರಿ! ಏಯ್, ಕ್ಯಾಮೆರಾ ಆಫ್ ಮಾಡ್ರೋ!" ಎಂದು ಯಾರೋ ಕೂಗಿದರು.

ಅತ್ತೆ ಕೋಲೂರಿಕೊಂಡು ಹಗ್ಗವನ್ನು ಪಕ್ಕಕ್ಕೆ ತಳ್ಳಿ ಬಂದಳು. ಮಂಜುಗಣ್ಣಿಗೆ ಗೋಡೆ ಎಷ್ಟು ಕಂಡಿತೋ, ಕೈಯಿಂದ ತಡವಿ ನೋಡಿದಳು. ಕೋಲು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಒಂದು ಗುರುತಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹಿಂದಕ್ಕೆ ಒರಗಿದಳು. ತಲೆ ತಲೆಯ ಜಾಗಕ್ಕೆ, ಬೆನ್ನು ಬೆನ್ನಿನ ಜಾಗಕ್ಕೆ ಸರಿಯಾಗಿ ಕೂತಿತು.

"ಏಳಮ್ಮ, ಏಳು," ಎನ್ನುತ್ತ ತಮ್ಮ ಓಡಿ ಬಂದ.

ಅವನು ಬರುವಷ್ಟರಲ್ಲಿ ಎರಡನೇ ಮನೆಯವಳು ಅತ್ತೆಯ ಪಕ್ಕದಲ್ಲಿ ಕೂತಾಗಿತ್ತು. ಏಳನೇ ಮನೆಯ ಮುದುಕ ಹಗ್ಗ ದಾಟುತ್ತಿದ್ದ.